ದನಕ್ಕೆ ಬಡಿದ ಹಾಗೆ

ಒಬ್ಬನನ್ನು ಕೈ ಸೋಲುವವರೆಗೆ ಹೊಡೆದರೆ ‘ದನಕ್ಕೆ ಬಡಿದ ಹಾಗೆ ಬಡಿದ’ ಅನ್ನುತ್ತೇವೆ. ಯಾರ ತಂಟೆಗೂ ಹೋಗದ ಸಾಧುವನ್ನು ಕಂಡರೆ ‘ಪಾಪ, ಹಸುವಿನಂಥ ಮನುಷ್ಯ’ ಅನ್ನುತ್ತೇವೆ. ಎರಡೂ ಒಂದೇ ಬಾಯಿಂದ ಬರುವ ಮಾತು. ಆ ಪ್ರಾಣಿ ಎಂಥದ್ದೆಂದು ಚೆನ್ನಾಗಿ ಗೊತ್ತಿದ್ದೂ ಅದಕ್ಕೆ ಬಡಿಯುವುದನ್ನು ಎಷ್ಟು ಸಹಜ ಮಾಡಿಕೊಂಡಿದ್ದೇವೆಂದರೆ, ಮನುಷ್ಯನಿಗೆ ಬಿದ್ದ ಏಟನ್ನು ಅಳೆಯುವುದಕ್ಕೂ ಅದೇ ಅಳತೆ.

ಇದರ ಬುಡದಲ್ಲಿರುವುದು ಒಂದು ನಂಬಿಕೆ: ‘ಹೊಡೆದ್ರೇ ದನ ಕೇಳೋದು.’ ಇದನ್ನು ನಾನು ಕೊಟ್ಟಿಗೆಯಲ್ಲಿ ಕೇಳಿದ್ದೇನೆ, ಸಂತೆಯಲ್ಲಿ ಕೇಳಿದ್ದೇನೆ, ಕಬ್ಬಿನ ಗಾಡಿಯ ಮೂಕಿಯ ಮೇಲೆ ಕೂತವರಿಂದ ಕೇಳಿದ್ದೇನೆ. ಹತ್ತು ಎಚ್‌.ಎಫ್‌. ಹಸು ಕಟ್ಟಿ ಮೊಬೈಲಿನಲ್ಲಿ ಹಾಲಿನ ಲೆಕ್ಕ ಬರೆದಿಡುವ ಓದಿದ ಹುಡುಗರೂ ಇದನ್ನೇ ಹೇಳುತ್ತಾರೆ. ಇದಕ್ಕೆ ಒತ್ತಾಗಿ ಇನ್ನೆರಡು ಮಾತುಗಳುಂಟು. ಒದೆಯುವ ಹಸು ಹುಟ್ಟಿನಿಂದಲೇ ಹಾಗೆ, ಸಾಧು ಹಸು ಸಿಗುವುದು ಪುಣ್ಯ ಎನ್ನುವುದು ಒಂದು. ದನ ಸಾಕುವುದು ಈಗ ವ್ಯಾಪಾರ, ಮುದ್ದು ಮಾಡುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ ಎನ್ನುವುದು ಮತ್ತೊಂದು. ಮೂರೂ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ವ್ಯಾಪಾರದ ಲೆಕ್ಕದಲ್ಲೂ ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಒಂದು ಜರ್ಸಿ ಮಿಶ್ರತಳಿಯ ಹಸು ಬಂತು. ಎರಡನೇ ಸೂಲು, ಕಾಲ ಕೆಳಗೆ ಹೆಣ್ಣು ಕರು. ಹೊತ್ತಿಗೆ ಎಂಟು ಲೀಟರ್ ಎಂದು ದಲ್ಲಾಳಿ ಹೇಳಿದ್ದ. ಮೊದಲ ಬೆಳಿಗ್ಗೆ ಸಿಕ್ಕಿದ್ದು ಎರಡೂವರೆ. ಮೂರನೇ ದಿನ ಅವ್ವನ ಮೊಣಕಾಲಿಗೆ ಒದ್ದು ಪಾತ್ರೆ ಉರುಳಿಸಿತು. ಸದ್ದು ಕೇಳಿ ಬಂದ ಪಕ್ಕದ ಮನೆಯ ಅಣ್ಣ ಬಾಗಿಲಲ್ಲೇ ನಿಂತು, ‘ನಾಕು ಬಿಗೀರಿ ಅತ್ತ್ಯಮ್ಮ, ಸರಿ ಹೋಯ್ತದೆ’ ಅಂದ.

ಅವ್ವ ಹೊಡೆಯಲಿಲ್ಲ. ಅವಳು ಆ ಮೂರು ದಿನದಲ್ಲಿ ಒಂದನ್ನು ಗಮನಿಸಿದ್ದಳು. ಗೋಡೆಯ ಗೂಡಿನಿಂದ ಎಣ್ಣೆ ಬಟ್ಟಲು ತೆಗೆಯಲು ಕೈ ಎತ್ತಿದಾಗಲೆಲ್ಲ ಹಸು ಕಣ್ಣಿನ ಬಿಳಿ ಕಾಣುವಂತೆ ತಲೆ ತಿರುಗಿಸಿ ಹಗ್ಗ ಜಗ್ಗುತ್ತಿತ್ತು. ಬಾಲ ಬುಡದಿಂದ ಒಂದು ಗೇಣು ಕೆಳಗೆ ಸೊಟ್ಟಗಾಗಿತ್ತು. ಬೆರಳಾಡಿಸಿದರೆ ಒಳಗೆ ಗಂಟು ಸಿಗುತ್ತಿತ್ತು. ಯಾರೋ ತಿರುಚಿ ಮುರಿದಿದ್ದ ಬಾಲ. ‘ಇದುಕ್ಕೆ ಕೈ ಅಂದ್ರೆ ಏಟು ಅಂತ್ಲೇ ಗೊತ್ತಿರೋದು ಕಣಪ್ಪ’ ಅಂದಳು ಅವ್ವ.

ಅವಳು ಮಾಡಿದ್ದು ಇಷ್ಟು. ಕರೆಯುವ ಹೊತ್ತಲ್ಲದ ಹೊತ್ತಿನಲ್ಲೂ ಹೋಗಿ ಹಸುವಿನ ಪಕ್ಕ ಸುಮ್ಮನೆ ನಿಲ್ಲುವಳು. ಮೊದಲೆರಡು ದಿನ ಮುಟ್ಟಲೇ ಇಲ್ಲ. ಆಮೇಲೆ ಗಂಗೆದೊಗಲು ಕೆರೆದಳು. ಅಲ್ಲಿಂದ ಭುಜ, ಭುಜದಿಂದ ಪಕ್ಕೆ, ಪಕ್ಕೆಯಿಂದ ತೊಡೆ. ಹಸು ಜರುಗಿದರೆ ಕೈ ತೆಗೆಯುವಳು, ನಿಂತರೆ ಮತ್ತೆ ಇಡುವಳು. ಕರೆಯುವ ಹೊತ್ತಿಗೆ ಕರು ಬಿಟ್ಟು, ಇಳಿದಷ್ಟು ಹಿಂಡಿಕೊಂಡು, ಉಳಿದದ್ದನ್ನು ಕರುವಿಗೇ ಬಿಡುವಳು. ಸೀರೆಯ ಮೇಲೆ ಅದೇ ಹಳೆಯ ಅಂಗಿ, ಅದೇ ಹೊತ್ತು, ಅದೇ ಹೆಸರು: ‘ಲಚ್ಚುಮಿ, ವಸಿ ಜರುಗು.’ ಕೊಟ್ಟಿಗೆಗೆ ಬೇರೆ ಯಾರೂ ಬರಕೂಡದು ಎಂದು ಕಟ್ಟುಮಾಡಿದಳು. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅವಳು ಕೆಚ್ಚಲು ತೊಳೆಯುತ್ತಿದ್ದಂತೆಯೇ ಹಸು ಮೆಲುಕು ಹಾಕುತ್ತ ಸೊರೆ ಬಿಟ್ಟಿತು. ಆ ತಿಂಗಳ ಕೊನೆಗೆ ಹೊತ್ತಿಗೆ ಆರು, ಆರೂವರೆ ಲೀಟರ್. ಹುಲ್ಲು ಅದೇ, ಹಿಂಡಿ ಅದೇ, ಬೂಸ ಅದೇ.

ಒಂದು ಹಸುವಿನ ಕಥೆ ಹೇಳಿ ಊರನ್ನೆಲ್ಲ ಒಪ್ಪಿಸಲಾಗದು, ನಿಜ. ಆದರೆ ಅವ್ವ ಕಂಡುಕೊಂಡದ್ದನ್ನು ಬಲ್ಲವರು ಎಂದೋ ಪರೀಕ್ಷೆ ಮಾಡಿ ತೋರಿಸಿದ್ದಾರೆ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಹಾಲು ಕರೆಯುವ ಹೊತ್ತಿಗೆ ಹಸುವಿನ ಬೆನ್ನ ಮೇಲೆ ಬೆಕ್ಕು ಬಿಟ್ಟರು, ಪಕ್ಕದಲ್ಲಿ ಕಾಗದದ ಚೀಲಗಳನ್ನು ಊದಿ ಒಡೆದರು. ಹಾಲು ಇಳಿಯಲಿಲ್ಲ. ಹೆದರಿಸುವ ಬದಲು ಅಡ್ರಿನಲಿನ್ ಚುಚ್ಚಿದಾಗಲೂ ಹಾಗೇ ಆಯಿತು. ಕೆಚ್ಚಲೆಂಬುದು ನಲ್ಲಿ ತಿರುಗಿಸಿದರೆ ಸುರಿಯುವ ತೊಟ್ಟಿಯಲ್ಲ. ಹಾಲಿನ ಬಹುಪಾಲು ಒಳಗಿನ ಸಣ್ಣ ಸಣ್ಣ ಗೂಡುಗಳಲ್ಲಿ ನಿಂತಿರುತ್ತದೆ. ಕರು ಗುದ್ದಿದಾಗ, ಕೈ ತಾಗಿದಾಗ, ಪಾತ್ರೆಯ ಪರಿಚಿತ ಸದ್ದು ಕೇಳಿದಾಗ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕಿಳಿದು ಆ ಗೂಡುಗಳನ್ನು ಹಿಸುಕುತ್ತದೆ. ಅದರ ಬಲ ಇರುವುದು ಕೆಲವೇ ನಿಮಿಷ. ಅಷ್ಟರೊಳಗೆ ಹಸು ಬೆದರಿತೋ, ಅಡ್ರಿನಲಿನ್ ಬಂದು ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ‘ಹಾಲು ಏರಿಸಿಕೊಂಡುಬಿಡ್ತು’, ‘ಹಾಲು ಕದೀತದೆ’ ಎಂದು ನಾವು ಹಸುವಿನ ಮೇಲೆ ಕಳ್ಳತನ ಹೊರಿಸುವುದು ಇದಕ್ಕೇ. ಅದು ಕದಿಯುತ್ತಿಲ್ಲ. ಹೆದರಿದ ಮೈ ಕೊಡಲಾರದು, ಅಷ್ಟೇ.

ಇಲ್ಲಿ ದುಡ್ಡಿನ ಮಾತೂ ಇದೆ. ಮೊದಲು ಕರೆದ ಹಾಲು ತೆಳು. ಕೊಬ್ಬು ಹೆಚ್ಚಿರುವುದು ಕಟ್ಟಕಡೆಗೆ ಇಳಿಯುವ ಹಾಲಿನಲ್ಲಿ. ಡೇರಿಯಲ್ಲಿ ನಮಗೆ ದರ ಕಟ್ಟುವುದು ಫ್ಯಾಟ್ ಮತ್ತು ಎಸ್‌.ಎನ್‌.ಎಫ್‌. ನೋಡಿ. ಬೆದರಿದ ಹಸುವಿನ ಕೆಚ್ಚಲಲ್ಲೇ ಉಳಿದುಹೋಗುವುದು ಆ ಕೊನೆಯ ಹಾಲು. ಅಳತೆಯೂ ಹೋಯಿತು, ದರವೂ ಹೋಯಿತು. ಡೇರಿ ಮುಂದೆ ನಿಂತು ಫ್ಯಾಟ್ ಬರಲಿಲ್ಲವೆಂದು ಹಿಂಡಿಯನ್ನೋ, ಮೆಷಿನ್ನನ್ನೋ, ಕಾರ್ಯದರ್ಶಿಯನ್ನೋ ಬಯ್ಯುವವರು ಮನೆಗೆ ಹೋಗಿ ಒಮ್ಮೆ ತಮ್ಮ ಕೊಟ್ಟಿಗೆಯ ಮೂಲೆಯಲ್ಲಿರುವ ದೊಣ್ಣೆಯನ್ನೂ ನೋಡಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಜೆಫ್ರಿ ರುಷೆನ್ ಮತ್ತು ಜೊತೆಯವರು ಹಸುಗಳಿಗೆ ಇಬ್ಬರನ್ನು ಪರಿಚಯಿಸಿದರು. ಒಬ್ಬರು ನಯವಾಗಿ ನಡೆಸಿಕೊಂಡವರು, ಇನ್ನೊಬ್ಬರು ಒರಟಾಗಿ ನಡೆಸಿಕೊಂಡವರು. ಆಮೇಲೆ ಹಾಲು ಕರೆಯುವಾಗ ಆ ಒರಟರು ಏನೂ ಮಾಡದೆ ಹತ್ತಿರ ನಿಂತರು, ಅಷ್ಟೆ. ಕೆಚ್ಚಲಲ್ಲಿ ಇಳಿಯದೆ ಉಳಿದ ಹಾಲು ಸುಮಾರು ನೂರಕ್ಕೆ ಎಪ್ಪತ್ತರಷ್ಟು ಹೆಚ್ಚಾಯಿತು. ಹಸುವಿಗೆ ಮನುಷ್ಯರ ಗುರುತು ಹತ್ತುತ್ತದೆ. ಯಾರು ಹೊಡೆದರು ಎಂಬುದು ನೆನಪಿರುತ್ತದೆ.

ಇದನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡಿ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಹಾಲು ಕರೆಯುವವಳು ಹೆಂಗಸು. ಸಂಜೆ ಮೇಯಿಸಿಕೊಂಡು ಬರುವಾಗ ಬದುವಿನ ಮೇಲೆ ಬಾರಿಸಿಕೊಂಡು ಬರುವವನು ಗಂಡಸು. ಅವನು ಅತ್ತ ಬೀಡಿ ಹಚ್ಚಿಕೊಂಡು ಜಗಲಿಗೆ ಹೋಗುತ್ತಾನೆ, ಇವಳು ಇತ್ತ ಇನ್ನೂ ನಡುಗುವ ತೊಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಾಳೆ. ಒದೆ ಬೀಳುವುದು ಅವಳಿಗೆ. ಹಾಲು ಕಡಿಮೆಯಾಯಿತೆಂದು ಮಾತು ಬೀಳುವುದೂ ಅವಳಿಗೇ. ಹೊಡೆದರೆ ದನ ಕೇಳುತ್ತದೆ ಎನ್ನುವ ಧೈರ್ಯ ಗಂಡಸರಿಗೆ ಇಷ್ಟು ಸುಲಭವಾಗಿ ಬಂದಿರುವುದು ಅದರ ಬೆಲೆ ಬೇರೆಯವರ ಮೊಣಕಾಲು ತೆರುತ್ತಿರುವುದರಿಂದ. ಇದನ್ನು ನಾನು ನಮ್ಮ ಮನೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಅವ್ವನ ಎಡ ಮೊಣಕಾಲು ಈಗಲೂ ಮಡಿಸಲು ಬರುವುದಿಲ್ಲ. ಅದು ಯಾರೋ ಕಾಣದ ಊರಿನಲ್ಲಿ ಆ ಹಸುವಿನ ಬಾಲ ಮುರಿದವನ ಕೆಲಸ.

ಇನ್ನು, ‘ಮೊಂಡು ದನ’ ಎನ್ನುವ ಮಾತು. ಕಳೆದ ವರ್ಷ ಜಾತ್ರೆಯಿಂದ ಒಂದು ಜೊತೆ ಹಳ್ಳಿಕಾರ್ ಹೋರಿ ಕೊಂಡವರೊಬ್ಬರು ಪಿಕಪ್ ಗಾಡಿಗೆ ಹತ್ತಿಸುತ್ತಿದ್ದರು. ಒಂದು ಹತ್ತಿತು. ಇನ್ನೊಂದು ಹಲಗೆಯ ಮುಂದೆ ಕಾಲೂರಿ ನಿಂತು ತಲೆ ತಗ್ಗಿಸಿತು. ಕೂಡಲೇ ನಾಲ್ಕು ಜನ ಹಿಂದಿನಿಂದ ಮುತ್ತಿದರು. ಒಬ್ಬ ಬಾಲ ತಿರುಚಿದ, ಒಬ್ಬ ಮೂಗುದಾರ ಜಗ್ಗಿದ, ಒಬ್ಬ ಮೊಳೆ ಹೊಡೆದ ಬಾರುಕೋಲಿನಿಂದ ತಿವಿದ. ಹೋರಿ ಅಡ್ಡ ತಿರುಗಿ ಒಬ್ಬನನ್ನು ಬೀಳಿಸಿತು. ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ಆಚೆ ಹುಲ್ಲು ಮಾರುತ್ತಿದ್ದ ಮುದುಕರೊಬ್ಬರು ಎದ್ದು ಬಂದು, ‘ಎಲ್ಲಾ ದೂರ ಹೋಗ್ರಪ್ಪ’ ಅಂದರು. ಹಲಗೆಗೂ ಗಾಡಿಗೂ ನಡುವೆ ನಾಲ್ಕು ಬೆರಳು ಸಂದಿಯಿತ್ತು, ಕೆಳಗಿನ ಬಿಸಿಲು ಅದರಲ್ಲಿ ಪಳಪಳ ಹೊಳೆಯುತ್ತಿತ್ತು. ಅದರ ಮೇಲೆ ಗೋಣಿಚೀಲ ಹಾಸಿ, ಒಂದು ಹಿಡಿ ಹುಲ್ಲು ಉದುರಿಸಿದರು. ಹಗ್ಗ ಸಡಿಲ ಬಿಟ್ಟು ಹೋರಿಯ ಭುಜದ ಪಕ್ಕ ನಿಂತರು. ಅದು ಚೀಲವನ್ನು ಮೂಸಿತು, ಒಂದು ಕಾಲಿಟ್ಟು ನೋಡಿತು, ಹತ್ತಿತು. ಐದು ನಿಮಿಷವೂ ಆಗಿರಲಿಲ್ಲ.

ದನದ ಕಣ್ಣುಗಳಿರುವುದು ತಲೆಯ ಎರಡು ಪಕ್ಕಕ್ಕೆ. ಸುಮಾರು 330 ಡಿಗ್ರಿ ಸುತ್ತ ಅದಕ್ಕೆ ಕಾಣುತ್ತದೆ, ನೇರ ಬೆನ್ನ ಹಿಂದಿನ ಒಂದು ತುಣುಕು ಮಾತ್ರ ಕಾಣದು. ಆದರೆ ಆಳದ ಅಂದಾಜು ನಮ್ಮಷ್ಟಿಲ್ಲ. ನೆಲದ ಮೇಲಿನ ಕಪ್ಪು ಗೆರೆ ನೆರಳೋ ಹಳ್ಳವೋ ಎಂದು ತಿಳಿಯಲು ಅದು ನಿಂತು ತಲೆ ತಗ್ಗಿಸಿ ನೋಡಬೇಕು. ಆ ನೋಟಕ್ಕೆ ನಾವು ಮೊಂಡುತನ ಎಂದು ಹೆಸರಿಟ್ಟು, ಅದಕ್ಕೆ ಕಾಣದ ಆ ಒಂದೇ ಜಾಗದಿಂದ ಬಂದು ಹೊಡೆಯುತ್ತೇವೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ದನದ ಓಡಾಟವನ್ನು ಅದರ ಕಣ್ಣಿನಿಂದ ನೋಡಿ ಅರ್ಥ ಮಾಡಿಕೊಂಡವರು. ಪ್ರತಿ ದನದ ಸುತ್ತಲೂ ಕಾಣದ ಒಂದು ಗೆರೆಯಿದೆ ಎಂದು ಅವರು ತೋರಿಸಿದರು. ಆ ಗೆರೆಯೊಳಗೆ ಹೆಜ್ಜೆಯಿಟ್ಟರೆ ದನ ಸರಿಯುತ್ತದೆ, ಹಿಂದೆ ಸರಿದರೆ ನಿಲ್ಲುತ್ತದೆ. ಭುಜಕ್ಕಿಂತ ಹಿಂದೆ ನಿಂತರೆ ಮುಂದಕ್ಕೆ ಹೋಗುತ್ತದೆ, ಭುಜ ದಾಟಿ ಮುಂದೆ ಬಂದರೆ ಹಿಂದಕ್ಕೆ ತಿರುಗುತ್ತದೆ. ಪಳಗಿದಷ್ಟೂ ಆ ಗೆರೆ ಚಿಕ್ಕದಾಗುತ್ತದೆ. ಆ ಮುದುಕರು ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ, ಅವರ ಮೈಗೆ ಗೊತ್ತಿತ್ತು. ನಮ್ಮಲ್ಲಿದ್ದ ಈ ಮೈಯ ವಿದ್ಯೆಯನ್ನು ನಾವು ಕೈಬಿಟ್ಟು, ದೊಣ್ಣೆಯನ್ನೇ ಹಿರಿಯರ ಪದ್ಧತಿ ಎಂದು ಸಾರುತ್ತಿರುವುದು ನನ್ನನ್ನು ನೋಯಿಸುತ್ತದೆ.

ತಳಿಯ ಗುಣ ಎನ್ನುವವರು ಕೂಡಲೇ ಅಮೃತಮಹಲ್ ಹೆಸರೆತ್ತುತ್ತಾರೆ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾದ ಆ ರಾಸುಗಳು ಮುಂಗೋಪಿಗಳು, ಹತ್ತಿರ ಬಿಡುವುದಿಲ್ಲ ಎಂಬುದು ಸುಳ್ಳಲ್ಲ. ಗುಣ ಒಂದಷ್ಟು ಹುಟ್ಟಿನಿಂದಲೂ ಬರುತ್ತದೆ. ಅದನ್ನು ಒಪ್ಪುತ್ತೇನೆ. ಅದಕ್ಕೇ ಬಲ್ಲವರು ಹೋರಿ ಆರಿಸುವಾಗ ತಾಯಿಯ ಸ್ವಭಾವ ಕೇಳುತ್ತಾರೆ. ಆದರೆ ಆ ದನಗಳು ಬೆಳೆದದ್ದು ಎಲ್ಲಿ? ವಿಶಾಲವಾದ ಕಾವಲುಗಳಲ್ಲಿ, ಮನುಷ್ಯರ ಕೈ ಹೆಚ್ಚಾಗಿ ಸೋಂಕದೆ. ಕರುವಾಗಿದ್ದಾಗ ಮುಟ್ಟಿಸಿಕೊಳ್ಳದ್ದು ದೊಡ್ಡದಾದ ಮೇಲೆ ಮುಟ್ಟಗೊಡುವುದಿಲ್ಲ. ಅದೇ ರಾಸುಗಳು ಪಳಗಿದ ಮೇಲೆ ದಂಡಿನ ಜೊತೆ ಫಿರಂಗಿ ಎಳೆದವು. ಫಿರಂಗಿಯ ಸದ್ದಿನ ನಡುವೆ ನಿಲ್ಲಬಲ್ಲ ಎತ್ತಿನ ವಂಶವನ್ನು ಹುಟ್ಟಾ ಹುಚ್ಚು ಎಂದು ಹೇಗೆ ಕರೆಯುವುದು? ಅಡ್ಡಾದಿಡ್ಡಿ ಹೊಡೆದು ಬೆಳೆಸಿದ ಜರ್ಸಿ ಒದೆಯುತ್ತದೆ. ಹುಟ್ಟಿದಂದಿನಿಂದ ಮೈ ತಿಕ್ಕಿಸಿಕೊಂಡ ಹಳ್ಳಿಕಾರ್ ಕರುವನ್ನು ಮನೆಯ ಮಗು ಹಗ್ಗ ಹಿಡಿದು ನೀರಿಗೆ ಕರೆದೊಯ್ಯುತ್ತದೆ. ಎರಡನ್ನೂ ಒಂದೇ ಬೀದಿಯಲ್ಲಿ ಕಂಡಿದ್ದೇನೆ.

ಹೆಸರಿಟ್ಟು ಕರೆಯುವ ವಿಷಯವೂ ಹೀಗೇ. 2009ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 516 ಹೈನುಗಾರರನ್ನು ಕೇಳಿ, ಹಸುಗಳನ್ನು ಹೆಸರಿಟ್ಟು ಕರೆಯುವ ಹಿಂಡುಗಳಲ್ಲಿ ಹಸುವೊಂದಕ್ಕೆ ವರ್ಷಕ್ಕೆ 258 ಲೀಟರ್ ಹಾಲು ಹೆಚ್ಚು ಎಂದು ಕಂಡರು. ಹೆಸರೇ ಹಾಲು ಕೊಡಲಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ಸರಿಯೇ. ಹೆಸರಿಡುವವನು ಬೇರೆಲ್ಲದರಲ್ಲೂ ಹಸುವನ್ನು ಗಮನಿಸುವವನಾಗಿರುತ್ತಾನೆ. ಆದರೆ ಆಸ್ಟ್ರೇಲಿಯಾದ ಪಾಲ್ ಹೆಮ್ಸ್‌ವರ್ತ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡೇರಿ ಫಾರ್ಮುಗಳ ಕೆಲಸಗಾರರಿಗೇ ತರಬೇತಿ ಕೊಟ್ಟು, ತಟ್ಟುವುದು, ತಿವಿಯುವುದು, ಕೂಗಾಡುವುದನ್ನು ಕಡಿಮೆ ಮಾಡಿಸಿದರು. ಹಸುಗಳ ಹೆದರಿಕೆ ಇಳಿಯಿತು, ಹಾಲು ಏರಿತು. ಬದಲಾದದ್ದು ಮನುಷ್ಯರ ಕೈ. ನಮಗೆ ಇದು ಹೊಸದಾಗಬೇಕಿರಲಿಲ್ಲ. ಪುಣ್ಯಕೋಟಿಯ ಹಾಡಿನ ಕಾಳಿಂಗ ಗೊಲ್ಲ ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಾವೇ ಈಗ ಕಿವಿಯ ಓಲೆಯ ನಂಬರಿನಿಂದ ಹಸುವನ್ನು ಗುರುತಿಸುತ್ತೇವೆ.

ವ್ಯಾಪಾರದ ಮಾತಾಡುವವರ ಹತ್ತಿರ ಒಂದು ಉತ್ತರ ಸಿದ್ಧವಿರುತ್ತದೆ: ಹಸು ಸೊರೆ ಬಿಡದಿದ್ದರೆ ಸೂಜಿ ಇದೆಯಲ್ಲ. ಹೌದು, ಇದೆ. ಹೆರಿಗೆಯಾದ ತಾಯಂದಿರ ರಕ್ತಸ್ರಾವ ನಿಲ್ಲಿಸಿ ಜೀವ ಉಳಿಸುವ ಆಕ್ಸಿಟೋಸಿನ್ ಔಷಧಿಯನ್ನು ಕದ್ದುಮುಚ್ಚಿ ಹಸುಗಳಿಗೆ ಚುಚ್ಚುವುದು ಎಷ್ಟು ಹಬ್ಬಿತೆಂದರೆ, 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ಅದನ್ನು ತಯಾರಿಸುವುದನ್ನೇ ನಿಷೇಧಿಸಿ, ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್ ಒಂದಕ್ಕೇ ಆ ಕೆಲಸ ವಹಿಸಲು ಹೊರಟಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ತಾಯಂದಿರಿಗೆ ಔಷಧಿಯ ಕೊರತೆಯಾಗಬಾರದೆಂದು. ಹಾಲಿಗಾಗಿ ಹಸುವಿಗೆ ಹೀಗೆ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಮೆದು ಕೈಗೆ ಹಸುವಿನ ಮೈಯೇ ಪುಕ್ಕಟೆ ಕೊಡುವ ರಸವನ್ನು ಬೆದರಿಸಿ ಒಣಗಿಸಿ, ಆಮೇಲೆ ಸೀಸೆಯಲ್ಲಿ ಕೊಂಡು ದಿನಕ್ಕೆರಡು ಸಲ ಚುಚ್ಚುವುದನ್ನು ವ್ಯಾಪಾರದ ಬುದ್ಧಿ ಎಂದು ನಾನು ಒಪ್ಪಲಾರೆ.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮೊಳೆ ಹೊಡೆದ ಕೋಲಿನಿಂದ ಗಾಡಿಯ ಎತ್ತನ್ನು ತಿವಿಯುವುದು ಅದೇ ಕಾಯ್ದೆಯಡಿ ಬಂದ 1965ರ ನಿಯಮಗಳಲ್ಲೇ ನಿಷಿದ್ಧ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿದಾಗ ಹೋಗಿ ನೋಡಿ, ಎಷ್ಟು ಎತ್ತುಗಳ ಬಾಲ ನೆಟ್ಟಗಿದೆ ಎಂದು ಎಣಿಸಿ. ಕಾಯ್ದೆಯ 11ನೇ ಕಲಮಿನಲ್ಲಿ ಹಿಂಸೆಯ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಬಾರುಕೋಲಿನ ಬೆಲೆಯೂ ಇಲ್ಲ.

ಸಂಕ್ರಾಂತಿಯ ಕಿಚ್ಚಿನ ಬಗ್ಗೆ ಹೇಳಿದರೆ ನಮ್ಮ ಮಂಡ್ಯ, ಮೈಸೂರು ಕಡೆಯವರಿಗೆ ಕೋಪ ಬರುತ್ತದೆ. ಬರಲಿ. ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಲೂನು ಕಟ್ಟಿ ಪೂಜೆ ಮಾಡಿದ ದನವನ್ನು ಕತ್ತಲಾದ ಮೇಲೆ ಉರಿಯುವ ಹುಲ್ಲಿನ ಮೇಲೆ ಓಡಿಸುತ್ತೇವೆ. ಉಣ್ಣೆ ಸಾಯುತ್ತದೆ ಎನ್ನುತ್ತಾರೆ. ಉಣ್ಣೆಗೆ ಔಷಧಿ ಇದೆ, ಕೈಯಲ್ಲಿ ಹೆಕ್ಕಿದರೂ ಹೋಗುತ್ತದೆ. ಬೆಂಕಿ ಕಂಡರೆ ಓಡಬೇಕೆಂದು ಮೈಯಲ್ಲೇ ಬರೆದುಕೊಂಡು ಹುಟ್ಟಿದ ಪ್ರಾಣಿಯನ್ನು, ಅದು ನಂಬಿದ ಯಜಮಾನನೇ ಹಗ್ಗ ಹಿಡಿದು ಬೆಂಕಿಗೆ ಎಳೆದರೆ, ಇಡೀ ವರ್ಷದ ಮೈತಿಕ್ಕಿದ ನಂಬಿಕೆ ಆ ಒಂದು ರಾತ್ರಿಗೆ ಏನಾಗಬೇಡ? ಹಬ್ಬದ ಮಾರನೇ ದಿನ ಹಾಲು ಕಡಿಮೆ ಎಂದು ನಮ್ಮೂರ ಹೆಂಗಸರು ಪ್ರತಿವರ್ಷ ಹೇಳುತ್ತಾರೆ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ.

‘ಅಷ್ಟು ಹೊತ್ತು ಎಲ್ಲಿದೆ?’ ಎನ್ನುವವರಿಗೆ ಕೇಳುತ್ತೇನೆ. ಹೆದರಿದ ಹಸುವಿನ ಹಿಂದೆ ಹೊಲದಲ್ಲಿ ಓಡುವ ಹೊತ್ತು ಎಲ್ಲಿಂದ ಬರುತ್ತದೆ? ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನ ಹಗ್ಗ ಕಿತ್ತುಕೊಂಡು ಹೋದ ದನ ಲಸಿಕೆಯಿಲ್ಲದೆ ಉಳಿಯುತ್ತದೆ. ಮುಟ್ಟಗೊಡದ ಹಸುವಿನ ಕೆಚ್ಚಲು ಬಾವು ತಿಳಿಯುವುದು ಹಾಲು ಒಡೆದ ಮೇಲೆ, ಗೊರಸಿನ ಹುಣ್ಣು ತಿಳಿಯುವುದು ಕುಂಟಿದ ಮೇಲೆ. ಡಾಕ್ಟರು ಕೃತಕ ಗರ್ಭಧಾರಣೆಗೆ ಬಂದಾಗ ನಾಲ್ಕು ಜನ ಹಿಡಿಯಬೇಕಾದ ಹಸುವಿಗೂ, ಹಿಂಡಿ ನೆಕ್ಕುತ್ತ ನಿಲ್ಲುವ ಹಸುವಿಗೂ ಇರುವ ವ್ಯತ್ಯಾಸವನ್ನು ಡಾಕ್ಟರನ್ನೇ ಕೇಳಿ. ಕಡಸಿನ ಮೈ ಮೇಲೆ, ಕೆಚ್ಚಲ ಮೇಲೆ ಈಯುವ ಎರಡು ತಿಂಗಳ ಮೊದಲಿಂದ ದಿನಕ್ಕೆ ಹತ್ತು ನಿಮಿಷ ಕೈಯಾಡಿಸಿದರೆ ಅದು ಮುಂದಿನ ಏಳೆಂಟು ಸೂಲಿಗೂ ಆಗಿಬರುತ್ತದೆ.

ದನವನ್ನು ಮೆದುವಾಗಿ ನಡೆಸಿಕೊಳ್ಳುವುದೆಂದರೆ ಎಚ್ಚರ ಬಿಟ್ಟು ನಡೆಯುವುದೆಂದು ನಾನು ಹೇಳುತ್ತಿಲ್ಲ. ಬೀಜದ ಹೋರಿಗೆ ಬೆನ್ನು ಕೊಡಬಾರದು, ಅದೆಷ್ಟೇ ಮುದ್ದಾಗಿ ಬೆಳೆದಿರಲಿ. ಆಗತಾನೆ ಈದ ಹಸುವಿಗೂ ಕರುವಿಗೂ ನಡುವೆ ಹೋಗಬಾರದು. ಸಾಧುವಾಗಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಒದ್ದರೆ ಮೊದಲು ಮೊಲೆತೊಟ್ಟು ಬಿರಿದಿದೆಯೇ, ಕೆಚ್ಚಲು ಬಿಸಿಯಾಗಿದೆಯೇ ನೋಡಬೇಕು. ದನಕ್ಕೆ ನೋವು ಹೇಳಲು ಬೇರೆ ಬಾಯಿಲ್ಲ.

ಲಚ್ಚುಮಿ ಈಗ ಐದನೇ ಸೂಲಿನಲ್ಲಿದೆ. ಅದರ ಮಗಳು ಪಕ್ಕದ ಗೂಟದಲ್ಲಿ. ಏಟೆಂದರೇನೆಂದು ಗೊತ್ತಿಲ್ಲದ ಆ ಕಡಸು ನಾವು ಬಗ್ಗಿದರೆ ಬೆನ್ನು ನೆಕ್ಕುತ್ತದೆ. ತಾಯಿಯೂ ಅವ್ವ ಕೂತ ಕೂಡಲೇ ಮೆಲುಕಿಗೆ ತೊಡಗುತ್ತದೆ, ಕಾಲು ಕಟ್ಟುವ ಹಗ್ಗ ಗೂಡಿನಲ್ಲಿ ಗೆದ್ದಲು ಹಿಡಿದಿದೆ. ಆದರೆ ತಲೆಗೆ ಟವೆಲ್ ಸುತ್ತಿದ ಯಾರಾದರೂ ಅಪರಿಚಿತ ಗಂಡಸು ಕೊಟ್ಟಿಗೆಯ ಬಾಗಿಲಿಗೆ ಬಂದರೆ ಇಷ್ಟು ವರ್ಷದ ಮೇಲೂ ಅದರ ಮೆಲುಕು ನಿಲ್ಲುತ್ತದೆ. ಗೋದಲಿಯಿಂದ ತಲೆ ಎತ್ತಿ, ಆ ಸೊಟ್ಟ ಬಾಲವನ್ನು ತೊಡೆಗೆ ಒತ್ತಿಕೊಂಡು, ಅವನು ಹೋಗುವವರೆಗೂ ನೋಡುತ್ತ ನಿಂತಿರುತ್ತದೆ.